‘ಹವ್ಯಾಸಿ ಪತ್ತೇದಾರ’ಳೋ, ‘ಪತ್ತೆಗಾತಿ’ಯೋ?

ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. 1966ರ ಲಂಡನ್ನಿನಲ್ಲಿ ನಡೆಯುವ ಕೊಲೆಯ ಕಥೆಯೊಂದನ್ನು ಬರೆಯುತ್ತಿದ್ದೇನೆ. ಜಾಗ ಡೆನ್ಮಾರ್ಕ್ ಸ್ಟ್ರೀಟ್. ಸಂಗೀತ ಪ್ರಕಾಶಕರ ಕೋಣೆಗಳೂ ಪುಟ್ಟ ಸ್ಟುಡಿಯೊಗಳೂ ಒತ್ತೊತ್ತಾಗಿದ್ದ ಗಿಡ್ಡ ಬೀದಿ. ರೋಲಿಂಗ್ ಸ್ಟೋನ್ಸ್ ತಂಡ 1964ರಲ್ಲಿ ತನ್ನ ಮೊದಲ ಆಲ್ಬಂ ಹಾಡಿದ್ದು ಅಲ್ಲಿನ 4ನೇ ನಂಬರಿನ ರೀಜೆಂಟ್ ಸೌಂಡ್ ಸ್ಟುಡಿಯೊದಲ್ಲಿ. ನನ್ನ ನಾಯಕಿ ಆ ಬೀದಿಯಲ್ಲಿ ಸ್ವರಲಿಪಿಯ ನಕಲು ಬರೆದು ಬದುಕುವವಳು. ಅವಳ ಗೆಳೆಯನಾದ ಡ್ರಮ್ ವಾದಕನೊಬ್ಬ ಸಾಯುತ್ತಾನೆ. ಪೊಲೀಸರು ಅಪಘಾತವೆಂದು ಕಡತ ಮುಚ್ಚುತ್ತಾರೆ, ಇವಳು ಒಪ್ಪುವುದಿಲ್ಲ.

ಇಂಥವರಿಗೆ ಇಂಗ್ಲಿಷಿನಲ್ಲಿ ‘ಅಮೆಚೂರ್ ಸ್ಲೂತ್’ ಎನ್ನುತ್ತಾರೆ. ನಾವು ಥಟ್ಟನೆ ಬರೆಯುವುದು ‘ಹವ್ಯಾಸಿ ಪತ್ತೇದಾರ’. ಎರಡೂ ಪದಗಳು ನನಗೆ ಒಗ್ಗುತ್ತಿಲ್ಲ. ಹವ್ಯಾಸಿ ರಂಗಭೂಮಿ ಎಂದಾಗ ಆ ಮಾತಿಗೊಂದು ಪ್ರೀತಿಯಿದೆ, ಸರಿ. ಆದರೆ ಸತ್ತ ಗೆಳೆಯನ ಹಿಂದೆ ಬಿದ್ದವಳ ಸಂಕಟವನ್ನು ಹವ್ಯಾಸ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಇನ್ನು ‘-ದಾರ’ ಪ್ರತ್ಯಯ. ಅಮಲ್ದಾರ, ತಹಶೀಲ್ದಾರ, ಹವಾಲ್ದಾರರ ಸಾಲಿನದು. ಕೈಯಲ್ಲಿ ಅಧಿಕಾರ ಇದ್ದಂತೆ ಕೇಳಿಸುತ್ತದೆ. ಇವಳ ಕೈಯಲ್ಲಿರುವುದು ಮಸಿಯ ಕಲೆ ಮಾತ್ರ. ಹೆಣ್ಣಾದರಂತೂ ತೊಡಕು ಹೆಚ್ಚು: ‘ಪತ್ತೇದಾರಿ’ ಎಂದರೆ ಆ ಕೆಲಸವಾಗುತ್ತದೆ, ‘ಪತ್ತೇದಾರಿಣಿ’ ಬಾಯಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಹಾಗಾಗಿ ‘ಪತ್ತೆಗಾತಿ’ ಎಂದು ಬರೆದು ನೋಡಿದೆ. ಜೊತೆಗಾತಿಯ ಹಾಗೆ ಸಲೀಸಾಗಿ ನಾಲಗೆಯ ಮೇಲೆ ಕೂರುತ್ತದೆ. ಆದರೆ ಮಾಟಗಾತಿ, ಮೋಸಗಾತಿಯರ ನೆರಳೂ ಅದರ ಮೇಲೆ ಬೀಳುತ್ತದೆಯೇ ಎಂಬ ಅಳುಕಿದೆ. ಕಸೂತಿಗಾರ್ತಿಯಂತೆ ‘ಪತ್ತೆಗಾರ್ತಿ’ ಎಂದರೆ ಆ ನೆರಳು ಹೋಗುತ್ತದೆಯೇ? ‘ಸ್ಲೂತ್’ ಪದದ ಮೂಲಾರ್ಥ ಜಾಡು ಎಂದೇ; ಜಾಡು ಹಿಡಿಯುವ ಬೇಟೆನಾಯಿಯಿಂದ ಅದು ಮನುಷ್ಯರಿಗೆ ಬಂತು. ‘ಜಾಡು ಹಿಡಿದವಳು’ ಎಂದು ಬಿಡಿಸಿ ಬರೆಯುವುದು ಕೆಲವು ಕಡೆ ಚೆಂದ, ಆದರೆ ಪ್ರತಿ ಪುಟದಲ್ಲೂ ಆಗದು.

ಇನ್ನೊಂದು ಸಂಗತಿ. ‘ಸುಳಿವು’, ‘ಕುರುಹು’ ಇವೆರಡನ್ನು ಒಂದೇ ಎಂಬಂತೆ ಬಳಸುವುದನ್ನು ಕಾಣುತ್ತೇನೆ. ಕಥೆಯಲ್ಲಿ ಒಂದು ಅಸಿಟೇಟ್ ತಟ್ಟೆ ಬರುತ್ತದೆ. ಅಂದು ಧ್ವನಿಮುದ್ರಿಸಿದ ಹಾಡನ್ನು ಅಂದೇ ಕೇಳಿಸಲು ಕೊರೆದುಕೊಡುತ್ತಿದ್ದ ತಟ್ಟೆ ಅದು: ಅಲ್ಯೂಮಿನಿಯಂ ಬಿಲ್ಲೆ, ಮೇಲೆ ಕಪ್ಪು ಮೆರುಗಿನ ಮೆದು ಲೇಪ. ಹತ್ತಾರು ಸಲ ಸೂಜಿ ಓಡಿದರೆ ಸಾಕು, ಗೀರುಗಳು ಸವೆದು ಮಂಕಾಗುತ್ತವೆ, ಸರಪರ ಸದ್ದು ಏಳುತ್ತದೆ. ‘ನಾನು ಅದನ್ನು ಒಮ್ಮೆಯೂ ಹಾಕಿಲ್ಲ’ ಎಂದವನ ಮನೆಯಲ್ಲಿ ಸಿಕ್ಕ ತಟ್ಟೆಯನ್ನು ಅವಳು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯುತ್ತಾಳೆ. ಎರಡನೆಯ ಹಾಡಿನ ನಡುವೆ ಬೆರಳಗಲದ ಬೂದು ಪಟ್ಟಿ. ಆ ಪಟ್ಟಿ ಕುರುಹು. ಅವನು ಆ ಜಾಗವನ್ನೇ ಮತ್ತೆ ಮತ್ತೆ ಕೇಳಿದ್ದಾನೆ ಎಂಬುದು ಸುಳಿವು. ಕುರುಹು ಕಣ್ಣಿಗೆ ಕಾಣುವಂಥದು, ಸುಳಿವು ಬುದ್ಧಿಗೆ ಸಿಗುವಂಥದು. ಈ ಭೇದ ನನ್ನ ಕಿವಿಗೆ ಸ್ಪಷ್ಟವಾಗಿದೆ. ನಿಮ್ಮ ಕಡೆಯ ಬಳಕೆಯಲ್ಲಿಯೂ ಹೀಗೇ ಇದೆಯೇ?

ತಟ್ಟೆಯ ಮೇಲೆ ಸೂಜಿ ಓಡುವ ಗೆರೆಗೆ ‘ಗೀರು’ ಸರಿಯೋ ‘ತೋಡು’ ಸರಿಯೋ, ಅದನ್ನೂ ತಿಳಿಸಿ. ಗ್ರಾಮಫೋನ್ ಇದ್ದ ಮನೆಯಲ್ಲಿ ಬೆಳೆದವರು ಏನೆನ್ನುತ್ತಿದ್ದಿರಿ?