ಕ್ರಿಯಾಟಿನಿನ್ 1.6 ಬಂದಿದೆ, ನಿಮಗೂ ಹೀಗಾಗಿತ್ತಾ? ಅನುಭವ ಹೇಳಿ

ಕೇಶ್ವಾಪುರದವ
ನಮಸ್ಕಾರ. ವಯಸ್ಸು 44, ಗೋಕುಲ ರಸ್ತೆಯಲ್ಲಿ ಕೆಲಸ. ಕಂಪನಿಯವರು ವರ್ಷಕ್ಕೊಮ್ಮೆ ರಕ್ತ ತಪಾಸಣೆ ಮಾಡಿಸುತ್ತಾರೆ. ಈ ಸಲ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) 1.6, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಅಂದಾಜು) 54 ಅಂತ ದಪ್ಪ ಅಕ್ಷರದಲ್ಲಿ ಬಂದಿದೆ. ಹೋದ ವರ್ಷ 1.1 ಇತ್ತು. ಶುಗರ್ ಇಲ್ಲ. ಬಿಪಿ 146/92, ಮಾತ್ರೆ ಇನ್ನೂ ಶುರು ಮಾಡಿಲ್ಲ. ಕಾಲು ಬಾತಿಲ್ಲ, ಮೂತ್ರ ಸರಿಯಾಗಿ ಹೋಗುತ್ತದೆ. ಬೆನ್ನುನೋವಿಗೆ ಆಗಾಗ ಮಾತ್ರೆ ನುಂಗುತ್ತೇನೆ, ಅಷ್ಟೇ. ಕಿಡ್ನಿ ಡಾಕ್ಟರ ಅಪಾಯಿಂಟ್‌ಮೆಂಟ್ ಮುಂದಿನ ವಾರ ಸಿಕ್ಕಿದೆ. ಅಲ್ಲಿಯವರೆಗೆ ಏನು ಮಾಡಲಿ? ಹೆಂಡತಿ ಆಗಲೇ ಉಪ್ಪಿನಕಾಯಿ ಭರಣಿ ಅಟ್ಟದ ಮೇಲಿಟ್ಟಿದ್ದಾಳೆ. ಇದನ್ನು ದಾಟಿ ಬಂದವರು ಹೇಳಿ.

ಉಣಕಲ್ ವಾಕರ್
ಭಯ ಬೀಳಬೇಡಿ. ನನ್ನದು 3.4 ಇತ್ತು, ಈಗ 1.4. ವಯಸ್ಸು 67.

ಮೊದಲು ಹೋದ ಖಾಸಗಿ ಆಸ್ಪತ್ರೆಯಲ್ಲಿ (ಹೆಸರು ಬೇಡ) ರಿಪೋರ್ಟ್ ನೋಡಿದ್ದೇ ತಡ, "ಡಯಾಲಿಸಿಸ್ ಮಾಡೋಣ, ಕುತ್ತಿಗೆಗೆ ನಳಿಕೆ ಹಾಕುತ್ತೇವೆ, 40,000 ಅಡ್ವಾನ್ಸ್ ಕಟ್ಟಿ" ಅಂದರು. ಹೊಟ್ಟೆ ಮೇಲೆ ಒಂದು ಬೆರಳು ಇಡಲಿಲ್ಲ. ಮಗ ಅಲ್ಲೇ ಜಗಳ ತೆಗೆದು ನನ್ನನ್ನು ಎಬ್ಬಿಸಿಕೊಂಡು ಬಂದ. ಎರಡನೇ ಡಾಕ್ಟರು ಹೊಕ್ಕುಳ ಕೆಳಗೆ ಒತ್ತಿ ನೋಡಿ, "ರಾತ್ರಿ ಎಷ್ಟು ಸಲ ಏಳುತ್ತೀರಿ?" ಅಂತ ಕೇಳಿದರು. ಸ್ಕ್ಯಾನ್ ಮಾಡಿಸಿದರೆ, ಮೂತ್ರ ಮಾಡಿ ಬಂದ ಮೇಲೂ ಚೀಲದಲ್ಲಿ 700 ಎಂಎಲ್ ಉಳಿದಿತ್ತು. ಪ್ರಾಸ್ಟೇಟ್ ದೊಡ್ಡದಾಗಿ ದಾರಿ ಕಟ್ಟಿತ್ತು. ಮೂತ್ರ ಹಿಂದಕ್ಕೆ ಒತ್ತಿ ಎರಡೂ ಕಿಡ್ನಿ ಊದಿದ್ದವು. ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿದ ಮೇಲೆ ಕ್ರಿಯಾಟಿನಿನ್ ತಾನೇ ಇಳಿಯುತ್ತಾ ಬಂತು. ಡಯಾಲಿಸಿಸ್ ಬೇಕೇ ಆಗಲಿಲ್ಲ.

ಖರ್ಚು ಬರೆದಿಡುವ ಚಟ ನನಗೆ. ಸ್ಕ್ಯಾನ್ 1,100. ಕ್ಯಾತಿಟರ್ ಮತ್ತು ಚೀಲ 640. ವಾರ್ಡು ದಿನಕ್ಕೆ 2,800. ಆಮೇಲೆ ಪ್ರಾಸ್ಟೇಟ್ ಆಪರೇಷನ್ 68,000. ಇನ್ಶೂರೆನ್ಸ್‌ನವರು ಕೊಟ್ಟದ್ದು 51,500. ಕೈಗವಸು, ಹತ್ತಿ, ಫೈಲು ಅಂತ ಏನೇನೋ ನೆಪ ಹೇಳಿ ಕತ್ತರಿಸಿದರು. ಫೈಲಿಗೆ 350 ರೂಪಾಯಿ ಅಂತೆ! ಆದ್ದರಿಂದ ಮೊದಲು ಸ್ಕ್ಯಾನ್ ಮಾಡಿಸಿ, ಮಿಕ್ಕಿದ್ದು ಆಮೇಲೆ.

ಹಾವೇರಿ ಅಕ್ಕ
ಉಣಕಲ್‌ನವರೇ, ನಿಮಗೆ ವಾಸಿಯಾಯಿತು, ಸಂತೋಷ. ಆದರೆ ಈ "ಭಯ ಬೀಳಬೇಡಿ" ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಮನೆಯವರಿಗೆ 1.7 ಬಂದಾಗಲೂ ಎಲ್ಲರೂ ಇದನ್ನೇ ಹೇಳಿದ್ದರು. ಅವರಿಗೆ ಶುಗರ್ ಇತ್ತು, ಮೂತ್ರ ನೊರೆ ನೊರೆ ಹೋಗುತ್ತಿತ್ತು. ನಾವು ತೋರಿಸುತ್ತಿದ್ದ ಡಾಕ್ಟರು ಶುಗರ್ ನೋಡಿ ಮಾತ್ರೆ ಬರೆದು ಕಳಿಸಿದರೇ ಹೊರತು, ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆಯಾ ಅಂತ ನೋಡುವ ಎಸಿಆರ್ ಒಮ್ಮೆಯೂ ಬರೆಯಲಿಲ್ಲ. 550 ರೂಪಾಯಿಯ ಟೆಸ್ಟು. ವರ್ಷಗಟ್ಟಲೆ ಆದ ಮೇಲೆ ಬೇರೆಯವರು ಮಾಡಿಸಿದಾಗ 2,300 ಬಂತು. 30ರ ಒಳಗಿರಬೇಕಾದದ್ದು.

ಈಗ ವಾರಕ್ಕೆ ಮೂರು ಡಯಾಲಿಸಿಸ್. ಬಿಪಿಎಲ್ ಕಾರ್ಡ್ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ಫ್ರೀ. ಫ್ರೀ ಅಂದ ಕೂಡಲೇ ಮಂದಿ "ಮತ್ತೇನು, ಆರಾಮ" ಅನ್ನುತ್ತಾರೆ. ಲೆಕ್ಕ ಕೇಳಿ. ಅಲ್ಲಿ ಜಾಗ ಸಿಗುವವರೆಗೆ ಹುಬ್ಬಳ್ಳಿಯಲ್ಲಿ ಒಂದು ಸಲಕ್ಕೆ 1,700 ಕೊಟ್ಟೆವು. ಎಡಗೈಗೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸುವ ಆಪರೇಷನ್) 28,000. ಅದು ಕಟ್ಟಿಹೋಯಿತು. ಮೊಣಕೈ ಮೇಲೆ ಇನ್ನೊಂದು, 31,000. ರಕ್ತ ಹೆಚ್ಚಾಗುವ ಇಂಜೆಕ್ಷನ್ ಒಂದಕ್ಕೆ 900. ಬಸ್ಸಿನಲ್ಲಿ ಶಕ್ತಿ ಯೋಜನೆ ಅಂತ ನನಗೆ ಟಿಕೆಟ್ ಇಲ್ಲ, ರೋಗಿಗೆ ಟಿಕೆಟ್! ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಒಳ್ಳೇ ಸೀಜನ್‌ನಲ್ಲೇ ಕೆಲಸ ಹೋಯಿತು.

ಅವರದು ಓ ಗುಂಪು, ನನ್ನದು ಬಿ. ನನ್ನ ಕಿಡ್ನಿ ಆಗಲಿಲ್ಲ. ಮೈದುನನದು ಹೊಂದುತ್ತಿತ್ತು. ಎಲ್ಲ ಟೆಸ್ಟ್ ಮುಗಿಸಿ, ಅವನ ಹೆಂಡತಿ ಮನೆಯವರು ಬಂದು ಮಾತಾಡಿದ ಮೇಲೆ ಅವನ ಫೋನ್ ಸ್ವಿಚ್ ಆಫ್. ಆ ಟೆಸ್ಟಿಗೆ ಹೋದ ದುಡ್ಡು ಕೇಳಬೇಡಿ. ಈಗ ಸರ್ಕಾರದ ಅಂಗಾಂಗ ದಾನದ ಜೀವಸಾರ್ಥಕತೆ ಪಟ್ಟಿಯಲ್ಲಿ ಹೆಸರಿದೆ. ಓ ಗುಂಪಿನವರಿಗೆ ಕಾಯುವುದು ಜಾಸ್ತಿ.

ಬೆಟಗೇರಿ ಮಗ್ಗ
ಎಲ್ಲರೂ ಸೇರಿ ಆ ಮನುಷ್ಯನನ್ನು ಇಲ್ಲೇ ಮಲಗಿಸಬೇಡಿ. ನನಗೆ ಹೋದ ಬೇಸಿಗೆಯಲ್ಲಿ 1.9 ಬಂದಿತ್ತು. ವಾಂತಿ ಭೇದಿಯಾಗಿ ಮಲಗಿದ್ದೆ, ಆಗ ತೆಗೆದ ರಕ್ತ. ಡಾಕ್ಟರು ಏಳು ನಮೂನೆ ಟೆಸ್ಟ್ ಬರೆದರು. ನಾನು ಒಂದನ್ನೂ ಮಾಡಿಸಲಿಲ್ಲ. ನಮ್ಮ ಕಡೆ ಒಬ್ಬ ಅಜ್ಜ ಇದ್ದಾರೆ. ನೆಗ್ಗಿಲು ಮುಳ್ಳಿನ ಕಷಾಯ, ಬೆಳಿಗ್ಗೆ ಬಾಳೆದಿಂಡಿನ ರಸ, ದಿನಾ ಎರಡು ಎಳನೀರು, ನಾಲ್ಕು ಲೀಟರ್ ನೀರು. ತಿಂಗಳಿಗೆ 1.1ಕ್ಕೆ ಇಳಿಯಿತು. ಒಟ್ಟು ಖರ್ಚು 1,400, ಅದರಲ್ಲಿ ಎಳನೀರಿನದೇ ಜಾಸ್ತಿ. ಬೆಟಗೇರಿ ನೇಕಾರ ಓಣಿಯಲ್ಲಿ ಯಾರನ್ನಾದರೂ ಕೇಳಿ.

ಹಾವೇರಿ ಅಕ್ಕ
ನಾಲ್ಕು ಲೀಟರ್ ನೀರಾ! ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂದು ಲೀಟರ್ ಬಾಟಲಿ ತುಂಬಿಡುತ್ತೇನೆ. ದಿನಕ್ಕೆ ಅಷ್ಟೇ. ಅವರು ಒಂದು ಕಪ್ ಚಹಾ ಕುಡಿದರೆ ಬಾಟಲಿಯಿಂದ ಅಷ್ಟು ನೀರು ತೆಗೆದು ತುಳಸಿಗೆ ಹಾಕುತ್ತೇನೆ. ಸಾರು ಕುಡಿದರೂ ಹಾಗೆಯೇ. ಮಧ್ಯಾಹ್ನ ಎರಡಕ್ಕೆ ಬಾಟಲಿ ಖಾಲಿಯಾದರೆ ಸಂಜೆತನಕ ಮುಖ ನೋಡುವುದಕ್ಕಾಗುವುದಿಲ್ಲ. ಆಲೂಗಡ್ಡೆ ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ ಕೊಡುತ್ತೇನೆ, ಪೊಟ್ಯಾಷಿಯಂ ಕಡಿಮೆಯಾಗಲಿ ಅಂತ. ಎಳನೀರು ಮನೆಯೊಳಗೆ ಬರುವ ಹಾಗೇ ಇಲ್ಲ. ಪೊಟ್ಯಾಷಿಯಂ ಏರಿದರೆ ಎದೆಬಡಿತವೇ ನಿಲ್ಲಬಹುದು. ನಿಮಗೆ ಇಳಿದದ್ದು ಕಷಾಯದಿಂದಲ್ಲ ಅಣ್ಣ. ಭೇದಿಗೆ ಮೈಯಲ್ಲಿ ನೀರು ಬತ್ತಿ ಏರಿತ್ತು, ನೀರು ಕುಡಿದಿರಿ, ಇಳಿಯಿತು.

ಬೆಟಗೇರಿ ಮಗ್ಗ
ಹಾವೇರಿಯಲ್ಲಿ ಕೂತು ನನ್ನ ಹೊಟ್ಟೆ ಸ್ಕ್ಯಾನ್ ಮಾಡಿದಿರಾ? ನಿಮ್ಮ ಮನೆಯವರ ಕಥೆ ಬೇರೆ, ನನ್ನದು ಬೇರೆ. ನಿಮ್ಮ ಡಾಕ್ಟರುಗಳು ಐದು ವರ್ಷ ಏನು ಕಡಿದು ಕಟ್ಟೆ ಹಾಕಿದರು ಅಂತ ನೀವೇ ಬರೆದಿದ್ದೀರಲ್ಲ.

ಹಾವೇರಿ ಅಕ್ಕ
ಐದು ವರ್ಷ ಅಂತ ನಾನು ಎಲ್ಲೂ ಬರೆದಿಲ್ಲ. ಓದಿ ಜಗಳಕ್ಕೆ ಬನ್ನಿ.

ಜಿಮ್ ಧಾರವಾಡ
ಬ್ರೋ, ಜಿಮ್‌ಗೆ ಹೋಗುತ್ತೀರಾ? ನನಗೆ 29, ಕ್ರಿಯಾಟಿನಿನ್ 1.5 ಬಂದು ಮನೆಯಲ್ಲಿ ಗೋಳೋ ಅಂತ ಅತ್ತರು. ನಾನು ಮೈ ಬೆಳೆಸಲು ಕ್ರಿಯಾಟಿನ್ ಪುಡಿ ತಗೊಳ್ಳುತ್ತಿದ್ದೆ, ಅದರಿಂದಲೂ ಕ್ರಿಯಾಟಿನಿನ್ ಏರಬಹುದು. ಮೈಕಟ್ಟು ಜಾಸ್ತಿ ಇದ್ದವರಿಗೂ ಆ ನಂಬರ್ ಸ್ವಲ್ಪ ಮೇಲೆಯೇ ಇರುತ್ತದೆ. ಡಾಕ್ಟರು ಪುಡಿ ನಿಲ್ಲಿಸಿಸಿ ಸಿಸ್ಟಾಟಿನ್ ಸಿ ಅನ್ನೋ ಇನ್ನೊಂದು ಕಿಡ್ನಿ ಟೆಸ್ಟ್ ಮಾಡಿಸಿದರು, 1,350 ರೂಪಾಯಿ. ಅದು ಸ್ನಾಯು ಮೇಲೆ ಅಷ್ಟಾಗಿ ನಿಂತಿಲ್ಲ. ನಾರ್ಮಲ್ ಬಂತು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಉಣಕಲ್ ವಾಕರ್
44 ವರ್ಷದ ಬೆನ್ನುನೋವಿನ ಮನುಷ್ಯ ಜಿಮ್‌ಗೆ ಯಾಕೆ ಹೋಗುತ್ತಾನಪ್ಪ?

ಜಿಮ್ ಧಾರವಾಡ
ಅವರಿಗೆ ಪ್ರಾಸ್ಟೇಟ್ ಯಾಕೆ ಇರುತ್ತದೆ ಅಂಕಲ್, ಮೂತ್ರ ಸರಿ ಇದೆ ಅಂತ ಬರೆದಿದ್ದಾರಲ್ಲ?

ಮುಂಡರಗಿ ಮಾಸ್ತರ್
ನೀರಿನ ಮಾತು ಬಂತು ಅಂತ ಹೇಳುತ್ತೇನೆ. ನಮ್ಮ ತಾಲ್ಲೂಕಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಮೈಗೆ ಸೇರಿದ ಫ್ಲೋರೈಡ್ ಹೊರಗೆ ಹಾಕುವುದೂ ಕಿಡ್ನಿಯೇ. ಅದು ಸೋತರೆ ಒಳಗೇ ಉಳಿಯುತ್ತದೆ. ಅದಕ್ಕೆ ಶುದ್ಧೀಕರಣ ಘಟಕದಿಂದ ಕ್ಯಾನ್ ತರಿಸುತ್ತೇನೆ, 20 ಲೀಟರಿಗೆ 5 ರೂಪಾಯಿ. ಘಟಕ ಕೆಟ್ಟಾಗ ಖಾಸಗಿಯವರದು 30.

ನನ್ನ ಅನುಭವ ಬಿಪಿಯದು. ಟೆಲ್ಮಿಸಾರ್ಟಾನ್ ಶುರು ಮಾಡಿದ ಮೇಲೆ ಕ್ರಿಯಾಟಿನಿನ್ 1.3 ಇದ್ದದ್ದು 1.5 ಆಯಿತು. ಮಗಳು ಮೊಬೈಲ್‌ನಲ್ಲಿ ಏನೋ ಓದಿ ಮಾತ್ರೆ ಕಸದ ಬುಟ್ಟಿಗೆ ಹಾಕಿದಳು. ಡಾಕ್ಟರು ಭಾಳ ಸಿಟ್ಟಾದರು. ಈ ಮಾತ್ರೆ ಶುರುವಾದ ಮೇಲೆ ಶೇ 30ರವರೆಗೆ ಏರಿದರೂ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ, ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಷಿಯಂ ಮತ್ತೆ ನೋಡುತ್ತೇವೆ ಅಂದರು. ಮತ್ತೆ ಶುರು ಮಾಡಿದೆ. ಎಸಿಆರ್ 420 ಇದ್ದದ್ದು 160ಕ್ಕೆ ಬಂದಿದೆ. ಜೊತೆಗೆ ಡಾಪಾಗ್ಲಿಫ್ಲೋಜಿನ್ ಕೊಟ್ಟಿದ್ದಾರೆ. ಅದು ಶುಗರ್ ಮಾತ್ರೆ, ಆದರೆ ಶುಗರ್ ಇಲ್ಲದ ಕಿಡ್ನಿ ರೋಗಿಗಳಿಗೂ ಈಗ ಕೊಡುತ್ತಾರೆ. ಪೇಟೆಂಟ್ ಮುಗಿದ ಮೇಲೆ ಬೆಲೆ ಇಳಿದಿದೆ. ನನಗೆ ಒಂದು ಮಾತ್ರೆಗೆ 11 ರೂಪಾಯಿ ಬೀಳುತ್ತಿದೆ. ಕೆಲವು ಅಂಗಡಿಯವರು ಅದನ್ನೇ ಬೇರೆ ಕಂಪನಿಯದು ಅಂತ 30ರ ಮೇಲೆ ತಗೊಳ್ಳುತ್ತಾರೆ.

ಮೆಡಿಕಲ್ ಶಾಪಿನವ, ರಾಣೆಬೆನ್ನೂರು
ಮಾಸ್ತರೇ, ಡಾಕ್ಟರು ಬರೆದ ಕಂಪನಿಯದೇ ಕೊಡಿ ಅಂತ ಹಟ ಹಿಡಿಯುವವರು ಗಿರಾಕಿಗಳೇ. ಅದಿರಲಿ.

ಇಷ್ಟು ಹೊತ್ತು ಓದಿದೆ. ಆ ಮನುಷ್ಯ ಬೆನ್ನುನೋವಿಗೆ ಯಾವ ಮಾತ್ರೆ ನುಂಗುತ್ತಾರೆ ಅಂತ ಒಬ್ಬರೂ ಕೇಳಲಿಲ್ಲವಲ್ಲ? ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ಇವೆಲ್ಲ ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ. ಬಿಸಿಲಿನಲ್ಲಿ ಬೆವರಿ, ನೀರು ಕುಡಿಯದೆ, ಅದರ ಮೇಲೆ ಇದನ್ನು ನುಂಗಿದರೆ ಇನ್ನೂ ಕೆಟ್ಟದ್ದು. ನಮ್ಮಲ್ಲಿ ಹೊಲದ ಕೆಲಸದವರು ಸಂಜೆ ಬಂದು ಒಂದು ಶೀಟ್ ಕೇಳುತ್ತಾರೆ. ಚಹಾ ಕುಡಿದಷ್ಟು ಸಲೀಸು.

ಹಾವೇರಿ ಅಕ್ಕ
ಕೇಳುತ್ತಾರೆ, ನೀವು ಕೊಡುತ್ತೀರಿ. ಚೀಟಿ ಇಲ್ಲದೆ ಕೊಡುವವರು ಯಾರು?

ಮೆಡಿಕಲ್ ಶಾಪಿನವ, ರಾಣೆಬೆನ್ನೂರು
ನಾನು ಕೊಡದಿದ್ದರೆ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ ಅಕ್ಕ. ಸೊಂಟ ನೆಟ್ಟಗಾಗದೆ ನಿಂತವನಿಗೆ "ಹೋಗಿ ಡಾಕ್ಟರಿಗೆ 300 ಕೊಟ್ಟು ಬಾ" ಅಂದರೆ ಅವನು ನನ್ನ ಅಂಗಡಿ ಮೆಟ್ಟಿಲು ಮತ್ತೆ ಹತ್ತುವುದಿಲ್ಲ. ಪ್ಯಾರಸಿಟಮಾಲ್ ಕೊಟ್ಟರೆ "ಇದು ಜ್ವರದ್ದು, ನಾಟುವುದಿಲ್ಲ" ಅಂತ ಕೌಂಟರ್ ಮೇಲೆ ಎಸೆದು ಹೋಗುತ್ತಾನೆ.

ಮುಂಡರಗಿ ಮಾಸ್ತರ್
ಹಾಗಾದರೆ ನಿಮ್ಮ ವ್ಯಾಪಾರಕ್ಕೆ ಅವನ ಕಿಡ್ನಿ ಹೋಗಲಿ ಅಂತಾಯಿತು.

ಮೆಡಿಕಲ್ ಶಾಪಿನವ, ರಾಣೆಬೆನ್ನೂರು
ಮೊದಲು ನೀವು ಮಾತ್ರೆ ಕಸಕ್ಕೆ ಹಾಕುವ ಮಗಳಿಗೆ ಪಾಠ ಮಾಡಿ ಮಾಸ್ತರೇ.

ಕೇಶ್ವಾಪುರದವ
ದಯವಿಟ್ಟು ಜಗಳ ಬೇಡ. ಡ್ರಾಯರ್ ತೆಗೆದು ನೋಡಿದೆ. ಅಸಿಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಎರಡೂ ಸೇರಿದ ಮಾತ್ರೆ. ರಕ್ತ ಕೊಡುವ ಹಿಂದಿನ ವಾರ ಬೆನ್ನು ಜಾಸ್ತಿ ಇತ್ತು, ದಿನಾ ಎರಡು ನುಂಗಿದ್ದೆ. ಅದರಿಂದಲೇ ಇರಬಹುದಾ?

ಮೆಡಿಕಲ್ ಶಾಪಿನವ, ರಾಣೆಬೆನ್ನೂರು
ಇರಬಹುದು, ಅದೊಂದೇ ಅಂತ ಹೇಳಲಾಗದು. ಈಗಿನಿಂದಲೇ ಬಿಡಿ. ಆ ಶೀಟ್ ಡಾಕ್ಟರ ಹತ್ತಿರ ಒಯ್ದು ತೋರಿಸಿ, ಗ್ಯಾಸ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಕ್ರಿಯಾಟಿನಿನ್ ಮತ್ತೆ ಮಾಡಿಸಿ. ಕಾಯಂ ಕಿಡ್ನಿ ಕಾಯಿಲೆ ಅನ್ನಬೇಕಾದರೆ ಮೂರು ತಿಂಗಳಾದರೂ ಹಾಗೇ ಇರಬೇಕು. ಅದಕ್ಕೆ ಮೊದಲು ಯಾರೂ ಹಣೆಬರಹ ಬರೆಯುವುದು ಬೇಡ. ಮೂತ್ರ ಕಡಿಮೆಯಾದರೆ, ಮುಖ ಬಾತರೆ, ಉಸಿರು ಕಟ್ಟಿದರೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯಬೇಡಿ.

ಹಾವೇರಿ ಅಕ್ಕ
ಎಸಿಆರ್ ಮರೆಯಬೇಡಿ. ಬಿಪಿ 146 ಇಟ್ಟುಕೊಂಡು ಮಾತ್ರೆ ಶುರು ಮಾಡಿಲ್ಲ ಅಂತ ಬರೆದಿದ್ದೀರಿ, ಅದನ್ನೂ ಕೇಳಿ. ಇನ್ನೊಂದು. ಉಪ್ಪು ಬಿಡುತ್ತೇನೆ ಅಂತ ಸೋಡಿಯಂ ಕಡಿಮೆಯ ಉಪ್ಪು ತರಬೇಡಿ, ಡಾಕ್ಟರನ್ನು ಕೇಳದೆ. ಅದರಲ್ಲಿ ಪೊಟ್ಯಾಷಿಯಂ ಹಾಕಿರುತ್ತಾರೆ.

ಉಣಕಲ್ ವಾಕರ್
ಸ್ಕ್ಯಾನ್ ಅಂತ ನಾನು ಮೊದಲೇ ಹೇಳಿದ್ದೇನೆ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ಬೆಟಗೇರಿ ಮಗ್ಗ
ಬೆನ್ನುನೋವಿಗೆ ಮಾತ್ರೆ ಬೇಡ ಅಂದರೆ ಅದೇ ಅಜ್ಜನ ಹತ್ತಿರ ಭಸ್ಮ ಇದೆ. ಜೇನುತುಪ್ಪದಲ್ಲಿ ಕಲಸಿ ನೆಕ್ಕುವುದು. 21 ದಿನ ಪಥ್ಯ, 2,500 ರೂಪಾಯಿ. ನನ್ನ ಅಳಿಯನ ಸೊಂಟ ನೆಟ್ಟಗಾಗಿದೆ.

ಮೆಡಿಕಲ್ ಶಾಪಿನವ, ರಾಣೆಬೆನ್ನೂರು
ಭಸ್ಮದಲ್ಲಿ ಪಾದರಸ, ಸೀಸ ಇದ್ದರೆ ಕಿಡ್ನಿಗೆ ನೇರ ಏಟು. ಡಬ್ಬಿ ಮೇಲೆ ಏನೇನು ಬರೆದಿದೆ, ಫೋಟೊ ಹಾಕಿ ನೋಡೋಣ.

ಬೆಟಗೇರಿ ಮಗ್ಗ
ಡಬ್ಬಿ ಎಲ್ಲಿಯದು? ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ನಂಬಿಕೆ ಇದ್ದವರು ನನಗೆ ಬೇರೆಯಾಗಿ ಮೆಸೇಜ್ ಮಾಡಿ, ನಂಬರ್ ಕೊಡುತ್ತೇನೆ.

ಹಾವೇರಿ ಅಕ್ಕ
ಯಾರೂ ಮಾಡಬೇಡಿ.