"ಸಿಗ್ನಲ್ ಬಿತ್ತು" ಅಂದ್ರೆ ನಿಮ್ಮ ಕಡೆ ಹೋಗು ಅಂತಲೋ ನಿಲ್ಲು ಅಂತಲೋ?

ಎಲ್ರಿಗೂ ನಮಸ್ಕಾರ. ಕೇಳ್ಬೇಕಾಗಿರೋದು ಮುಖ್ಯವಾಗಿ ತಲೆಬರಹದಲ್ಲಿರೋದೇ, ಜೊತೆಗೆ ಅದಕ್ಕೆ ಅಂಟಿಕೊಂಡ ಒಂದೆರಡು ಚಿಲ್ಲರೆ ಪ್ರಶ್ನೆಗಳೂ ಇವೆ.

ಅಕ್ಕನ ಮಗನಿಗೆ ರೈಲಿನ ಹುಚ್ಚು. ಮಳೇಲಿ ಇಂಜಿನ್ನುಗಳು ಫಳಫಳ ಅಂತಿರ್ತವೆ ಬಾ ಮಾವ ಅಂತ ಹುಬ್ಬಳ್ಳಿ ಸ್ಟೇಷನ್‌ಗೆ ಎಳ್ಕೊಂಡು ಹೋದ, ಅಲ್ಲಿ ನೋಡಿದ್ರೆ ಜಡಿಮಳೆ, ಮೇಲೆ ಶೀಟ್ ಇದ್ರೂ ಎರಚಲು ಬೆಂಚಿನ ತನಕ ಬರ್ತಿತ್ತು, ಅಲ್ಲಿನ 8ನೇ ಪ್ಲಾಟ್‌ಫಾರಂ 1507 ಮೀಟರ್ ಉದ್ದ, ಜಗತ್ತಲ್ಲೇ ಉದ್ದದ್ದು ಅಂತಾರಲ್ಲ, ಆ ತುದಿ ಮಳೇಲಿ ಕಾಣಿಸ್ತಾನೇ ಇರ್ಲಿಲ್ಲ. ನಿಂತಿದ್ದ ಗಾಡಿಯೊಳಗೆ ಚಹಾ ಮಾರ್ತಿದ್ದ ಹಿರಿಯರೊಬ್ರು ಬಾಗಿಲಿಂದ ಹೊರಗೆ ಇಣುಕಿ "ಸಿಗ್ನಲ್ ಬಿತ್ತ್ರಿ, ಗಾಡಿ ಬಿಡತೈತಿ" ಅಂದು ಕೆಟಲ್ ಸಮೇತ ದಡದಡ ಇಳಿದ್ರು. ನಾನೂ ನೋಡಿದೆ. ದೂರದಲ್ಲಿ ಕೆಂಪು ಆರಿ ಹಳದಿ ಹತ್ತಿತ್ತು ಅಷ್ಟೇ, ಮಳೆ ಬಿಟ್ರೆ ಬಿದ್ದಿದ್ದು ಬೇರೇನೂ ಇಲ್ಲ.

ಈ "ಬೀಳೋದು" ಹಳೇ ತೋಳಿನ ಸಿಗ್ನಲ್‌ದು ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ. ಕಂಬದ ಮೇಲೆ ಕೆಂಪು ಬಣ್ಣದ ಒಂದು ಕೈ, ಅಡ್ಡಕ್ಕೆ ನೆಟ್ಟಗಿದ್ರೆ ಗಾಡಿ ನಿಲ್ಬೇಕು, ಸಿಗ್ನಲ್ ನಡೆಸೋ ಕೋಣೆ, ಅಂದ್ರೆ ಕ್ಯಾಬಿನ್ನಿನಲ್ಲಿ ಲಿವರ್ ಎಳೆದ್ರೆ ಹಳಿ ಪಕ್ಕದಲ್ಲೇ ಹಾದುಹೋದ ತಂತಿ ಜಗ್ಗಿ ಕೈ ಕೆಳಕ್ಕೆ ವಾಲುತ್ತೆ, ಆಗ ದಾರಿ ಬಿಟ್ಟ ಹಾಗೆ. ತಂತಿ ಹರಿದ್ರೂ ಕೈ ತಾನಾಗೇ ಅಡ್ಡಕ್ಕೆ ಬಂದು ನಿಲ್ಲೋ ಹಾಗೆ ತೂಕ ಕಟ್ಟಿರೋರು, ಕೆಟ್ಟರೆ ಗಾಡಿ ನಿಲ್ಲಲಿ, ನುಗ್ಗೋದು ಬೇಡ ಅನ್ನೋ ಲೆಕ್ಕ. ರಾತ್ರಿ ಹೊತ್ತಿಗೆ ಹಿಂದೆ ಸೀಮೆಎಣ್ಣೆ ದೀಪ, ಮುಂದೆ ಬಣ್ಣದ ಗಾಜು. ಹಸಿರಿಗೆ ಅಂತ ಹಾಕ್ತಿದ್ದ ಗಾಜು ಹತ್ತಿರದಿಂದ ನೋಡಿದ್ರೆ ನೀಲಿ ಬೆರೆತ ಹಸಿರು, ಯಾಕಂದ್ರೆ ಸೀಮೆಎಣ್ಣೆ ಉರಿಯೇ ಹಳದಿ, ಅದು ನೀಲಿ ಗಾಜಲ್ಲಿ ಹಾದ್ರೇ ದೂರಕ್ಕೆ ಹಸಿರಾಗಿ ಕಾಣೋದು. ಹಿಂದೀಲೂ ಸಿಗ್ನಲ್ ಡೌನ್ ಆಯ್ತು ಅನ್ನೋದಿದೆ, ಅಲ್ಲೂ ಅದೇ ಕೈ ಕೆಳಗಿಳಿದದ್ದು. ಕೈ ಹೋಗಿ ಬಣ್ಣದ ದೀಪ ಬಂದು ಎಷ್ಟೋ ಕಾಲ ಆದ್ರೂ ಮಾತು ಮಾತ್ರ ಇನ್ನೂ ಕೆಳಗೆ ಬೀಳ್ತಾನೇ ಇದೆ.

ತೊಡಕಿರೋದು ರಸ್ತೇಲಿ. ಬೆಂಗಳೂರಲ್ಲಿ ಆಟೋದವರು "ಅಯ್ಯೋ ಸಿಗ್ನಲ್ ಬಿದ್ಬಿಡ್ತು" ಅಂದ್ರೆ ಕೆಂಪು, ಬ್ರೇಕ್ ಹಾಕಿದ್ರು ಅಂತಲೇ ಅರ್ಥ. ರೈಲಲ್ಲಿ ಹೋಗು ಅನ್ನೋ ಮಾತು ಇಲ್ಲಿ ನಿಲ್ಲು ಆಗಿದೆ, ಪೂರ್ತಿ ಉಲ್ಟಾ. ದಾಯ ಬಿತ್ತು, ಹೆಡ್ಡು ಬಿತ್ತು ಅಂತೀವಲ್ಲ, ಆ ಥರ "ರೆಡ್ ಬಿತ್ತು, ಗ್ರೀನ್ ಬಿತ್ತು" ಅನ್ನೋದು ಮೊದಲು ಹುಟ್ಟಿ ಆಮೇಲೆ ಬಣ್ಣ ಉದುರಿ ಹೋಗಿರಬಹುದು. ಆದ್ರೆ ನನಗೆ ಹೆಚ್ಚು ಅನುಮಾನ ಲೆವೆಲ್ ಕ್ರಾಸಿಂಗ್ ಮೇಲೆ. "ಗೇಟ್ ಬಿತ್ತು" ಅಂದ್ರೆ ಎಲ್ಲಾ ಕಡೆ ಒಂದೇ ಅರ್ಥ, ರಸ್ತೆ ಬಂದ್. ಇಂಟರ್‌ಲಾಕ್ ಆಗಿರೋ ಗೇಟಲ್ಲಿ ಗೇಟು ಬಿದ್ದು ಬೀಗ ಕೂತ ಮೇಲೇ ಸಿಗ್ನಲ್ ಬೀಳೋಕೆ ಸಾಧ್ಯ, ಅಂದ್ರೆ ಒಂದೇ ಜಾಗದಲ್ಲಿ ಒಂದರ ಹಿಂದೆ ಒಂದು ಎರಡು ಬೀಳ್ತವೆ, ಗೇಟ್ ಬಿದ್ರೆ ನಮಗೆ ನಿಲ್ಲು, ಸಿಗ್ನಲ್ ಬಿದ್ರೆ ಗಾಡಿಗೆ ಹೋಗು. ಸೈಕಲ್ ಹಿಡ್ಕೊಂಡು ಗೇಟಲ್ಲಿ ಕಾಯ್ತಾ ನಿಂತೋರಿಗೆ ಎರಡೂ ಸೇರಿ "ಬಿತ್ತು ಅಂದ್ರೆ ನಿಲ್ಲು" ಆಗಿರೋದು ಸಾಧ್ಯ ಅಲ್ವಾ? ಇದು ನನ್ನ ಊಹೆ, ಬೇರೆ ದಾರಿ ಹೊಳೆದೋರು ಬರೀರಿ.

ಇನ್ನು ಕೈಮರ, ಕೈಕಂಬ. ಊರಿನ ಹೆಸರಾಗಿ ಎರಡೂ ಇವೆ, ಚಿಕ್ಕಮಗಳೂರಿಂದ ಬಾಬಾಬುಡನ್‌ಗಿರಿ ಕಡೆ ಹೋಗ್ತಾ ಕೈಮರ ಸಿಗುತ್ತೆ, ಮಂಗಳೂರು ಕಡೆ ಕೈಕಂಬಗಳಿವೆ. ಅವು ದಾರಿ ತೋರಿಸೋ ಕಂಬಗಳು. ರೈಲಿನ ತೋಳಿನ ಸಿಗ್ನಲ್‌ಗೂ ಕೈಮರ ಅಂತ ಬಾಯಲ್ಲಿ ಆಡಿದ್ದನ್ನ ಯಾರಾದ್ರೂ ಕೇಳಿದೀರಾ? ನಿಘಂಟಿನ ಅರ್ಥ ಬೇಡ, ಮನೆಯವರ ಬಾಯಿಂದ ಕೇಳಿದ್ದು ಬೇಕು.

ಎರಡನೇದು ಈ ರೈಲು ನೋಡೋ ಹವ್ಯಾಸಕ್ಕೆ ಕನ್ನಡದಲ್ಲಿ ಏನು ಹೆಸರು ಅನ್ನೋದು. ಇಂಗ್ಲೆಂಡಲ್ಲಿ 1942ರಲ್ಲಿ ವಾಟರ್ಲೂದಲ್ಲಿ ರೈಲ್ವೆ ಕಂಪನಿಯೊಂದ್ರಲ್ಲಿ ಕೆಲಸ ಮಾಡ್ತಿದ್ದ ಇಯಾನ್ ಅಲನ್ ಅನ್ನೋ ಹುಡುಗ ಇಂಜಿನ್ ನಂಬರ್‌ಗಳ ಪುಟ್ಟ ಪುಸ್ತಕ ತಂದ ಮೇಲೆ ಮಕ್ಕಳು ಪ್ಲಾಟ್‌ಫಾರಂ ತುದೀಲಿ ನಿಂತು ಕಂಡ ನಂಬರ್‌ಗೆ ಗೆರೆ ಎಳೆಯೋದು ದೊಡ್ಡ ಗೀಳೇ ಆಯ್ತು. ನಮ್ಮ ಹುಡುಗನೂ ಅದೇ ಜಾತಿ. ಡಬ್ಲ್ಯೂಎಪಿ-7 ಅನ್ನೋ ಇಂಜಿನ್ ಹೆಸರಲ್ಲಿ ಡಬ್ಲ್ಯೂ ಅಂದ್ರೆ ಬ್ರಾಡ್‌ಗೇಜ್, ಎ ಎಸಿ ಕರೆಂಟು, ಪಿ ಪ್ಯಾಸೆಂಜರ್ ಅಂತ ನನಗೇ ಪಾಠ ಮಾಡಿದ, ಯಾವ ಶೆಡ್ಡಿನ (ಇಂಜಿನ್ ಇಟ್ಟು ನೋಡಿಕೊಳ್ಳೋ ಜಾಗ) ಇಂಜಿನ್ ಅಂತ ಪಕ್ಕದಲ್ಲಿ ಬರೆದಿರೋದು ಓದಿ, ಆ ಗಾಡಿಗೆ ಮಾಮೂಲಾಗಿ ಬರೋ ಶೆಡ್ಡಿಂದಲ್ಲ ಅಂತ ಗೊತ್ತಾದ್ರೆ "ಆಫ್‌ಲಿಂಕ್ ಮಾವಾ!" ಅಂತ ಕೂಗ್ತಿದ್ದ. ಅಷ್ಟೊತ್ತಿಗೆ ಪೊಲೀಸಿನವರೊಬ್ರು ಛತ್ರಿ ಹಿಡ್ಕೊಂಡು ಬಂದು ಏನ್ ಮಾಡಾಕತ್ತೀರಿ ಇಲ್ಲಿ ಅಂದ್ರು.

"ಗಾಡಿ ನೋಡಾಕ ಬಂದೀವ್ರಿ."

"ಯಾವ ಗಾಡಿ?"

"ಎಲ್ಲಾ ಗಾಡಿರೀ."

ಅವರು ನಮ್ಮಿಬ್ರ ಮುಖಾನೂ ನೋಡಿ ತಲೆ ಅಲ್ಲಾಡಿಸ್ಕೊಂಡು ಹೋದ್ರು. ಪಕ್ಷಿವೀಕ್ಷಣೆ ಥರ ರೈಲುವೀಕ್ಷಣೆ ಅಂತ ಮಾಡಬಹುದು, ಆದ್ರೆ ಅದು ಸಚಿವರು ಕಾಮಗಾರಿ ವೀಕ್ಷಿಸಿದ ಹಾಗೆ ಕೇಳಿಸುತ್ತೆ, ವೀಕ್ಷಕ ಅಂದ್ರಂತೂ ಪರೀಕ್ಷೆ ಹಾಲಿನ ನೆನಪು. "ರೈಲು ಬಿಡೋನು" ಅಂದ್ರೆ ಬುರುಡೆ ಬಿಡೋನು ಆಗ್ತಾನೆ. ನನಗೆ "ಗಾಡಿಹುಚ್ಚು" ಸಾಕು ಅನ್ಸುತ್ತೆ, ಹುಚ್ಚು ಅನ್ನೋದು ಕನ್ನಡದಲ್ಲಿ ಬೈಗುಳ ಮಾತ್ರ ಅಲ್ಲ, ನಾಟಕದ ಹುಚ್ಚು ಅಂತ ಅಕ್ಕರೆಯಿಂದ್ಲೂ ಅಂತೀವಿ. ಆದ್ರೆ ಈಗ ಗಾಡಿ ಅಂದ್ರೆ ಬೈಕು ಅಂತ ತಿಳ್ಕೊಳ್ಳೋರೇ ಜಾಸ್ತಿ, ಅದೊಂದು ತೊಂದ್ರೆ.

ಇನ್ನೊಂದು. ಕ್ಯಾಸಲ್‌ರಾಕ್ ಘಾಟಲ್ಲಿ 37 ಅಡಿಗೆ 1 ಅಡಿ ಏರು, ಗೋವಾ ಕಡೆಯಿಂದ ಕಲ್ಲಿದ್ದಲು ಗಾಡಿ ಹತ್ತುವಾಗ ಹಿಂದೆ ಇಂಜಿನ್ ಹಚ್ಚಿ ತಳ್ತಾರೆ, ಅದಕ್ಕೆ ಬ್ಯಾಂಕರ್ ಅಂತ ಹೆಸರು. ಕನ್ನಡದಲ್ಲಿ ಹಾಗಂದ್ರೆ ಸಾಲ ಕೊಡೋರು ಅಂದ್ಕೋತಾರೆ. "ಒತ್ತಾಸೆ ಇಂಜಿನ್" ಹೇಗಿದೆ?

ಅರಸೀಕೆರೆ, ಬೀರೂರು, ಲೋಂಡಾ, ಗದಗ ಕಡೆ ಮನೇಲಿ ಕ್ಯಾಬಿನ್ನಲ್ಲಿ ಕೆಲಸ ಮಾಡಿದೋರು ಇದ್ರೆ ದಯವಿಟ್ಟು ಕೇಳಿ ಹೇಳಿ, ಗಾಡಿ ಹೋದ ಮೇಲೆ ಕೈ ಮತ್ತೆ ಅಡ್ಡಕ್ಕೆ ಬಂದಾಗ ಏನಂತಿದ್ರು, ಸಿಗ್ನಲ್ ಎದ್ದಿತು ಅಂತಲೋ, ಏರಿತು ಅಂತಲೋ? ಕೆಲವು ಲೈನಲ್ಲಿ ಕೈ ಮೇಲಕ್ಕೆದ್ದು ದಾರಿ ಬಿಡೋ ಇನ್ನೊಂದು ಬಗೆ ಸಿಗ್ನಲ್ಲೂ ಇತ್ತು, ಅಲ್ಲಿನೋರೂ "ಬಿತ್ತು" ಅಂತಲೇ ಅಂತಿದ್ರಾ?