ಹೊಸ ಅಪಾರ್ಟ್‌ಮೆಂಟ್ ಪಕ್ಕದ ಪಾರ್ಕ್ ಓಣಿಯವರಿಗೂ ಸಿಗುತ್ತಾ? (ಪುಣೆ)

ಪ್ರಶ್ನೆ: ಬಾಣೇರ್ ಕಡೆ 8,000 ಚದರ ಮೀಟರ್ ಜಾಗದಾಗ ಫ್ಲ್ಯಾಟ್ ಏಳಾಕತ್ತಾವ. ನಕ್ಷೆಯಾಗ 800 ಚ.ಮೀ. ಗಾರ್ಡನ್ ತೋರ್ಸ್ಯಾರ. ಸುತ್ತಲಿನವರಿಗೂ ಬಿಡ್ತಾರೇನ್ರಿ? ಗಿಡ ಹಚ್ಚೋ ಮುಂಚೆ ಏನು ನೋಡ್ಬೇಕು?

ಉತ್ತರ 1: ಇಲ್ಲ ಸರ್. ಅದು 0.4 ಹೆಕ್ಟೇರ್ ಮೇಲ್ಪಟ್ಟ ನಿವೇಶನಕ್ಕೆ ಕಡ್ಡಾಯವಾದ ಶೇ. 10 ತೆರೆದ ಜಾಗ; ಅಲ್ಲಿನ ನಿವಾಸಿಗಳದ್ದು. ಸಾರ್ವಜನಿಕ ಉದ್ಯಾನ ಬೇಕಾದ್ರೆ ಪಾಲಿಕೆಯ ಡಿಪಿ (ನಗರ ಅಭಿವೃದ್ಧಿ ಯೋಜನೆ) ನಕ್ಷೆಯಲ್ಲಿ ಗಾರ್ಡನ್‌ಗೆ ಅಂತ ಜಾಗ ಮೀಸಲಿಟ್ಟಿದ್ದಾರಾ ನೋಡಿ. ಇದ್ದರೆ ಜಾಗ ಪಾಲಿಕೆಗೆ ಹಸ್ತಾಂತರ ಆಗಿದೆಯಾ ಅನ್ನೋದೇ ಮುಖ್ಯ. ಬ್ರೋಷರ್‌ನ ಹಸಿರು ಬಣ್ಣ ನಂಬಬೇಡಿ, ಮಂಜೂರಾದ ನಕ್ಷೆ ಮಹಾರೇರಾ (ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲೇ ಸಿಗುತ್ತೆ.

ಉತ್ತರ 2: ಗಾರ್ಡನ್ ನೆಲದ ಮೇಲೋ, ಪಾರ್ಕಿಂಗ್ ಚಾವಣಿ ಮೇಲೋ? ಚಾವಣಿಯಾದ್ರೆ ಹುಲ್ಲಿಗೆ 30 ಸೆಂ.ಮೀ. ಮಣ್ಣು ಸಾಕು, ಮರಕ್ಕೆ ಮೀಟರ್‌ಗಿಂತ ಹೆಚ್ಚು ಬೇಕು. ಹಸಿ ಮಣ್ಣಿನ ತೂಕ ಘನ ಮೀಟರಿಗೆ ಸುಮಾರು 1.8 ಟನ್, ಸ್ಲ್ಯಾಬ್ ಲೆಕ್ಕದಲ್ಲಿ ಇದು ಮೊದಲೇ ಸೇರಿರಬೇಕು. ನೆಲದಲ್ಲಾದ್ರೆ ಕಟ್ಟಡ ಕೆಲಸದ ಕಸ ಹೂತಿರ್ತಾರೆ, ಅಲ್ಲೇ ಗಿಡ ಸಾಯೋದು. 1 ಮೀಟರ್ ಗುಂಡಿ ತೋಡಿ, ಸಿಮೆಂಟ್ ಚೂರು ತೆಗೆದು ಹೊಸ ಮಣ್ಣು, ಗೊಬ್ಬರ ತುಂಬಿ. ಎರೆಮಣ್ಣಾದ್ರೆ ನಡಿಗೆ ದಾರಿ ಕೆಳಗೆ ಗರಸು ಹಾಕಿ ಗುದ್ದಿಸಿ. ಇಲ್ಲಾಂದ್ರೆ ಬೇಸಿಗೆಗೆ ಬಿರುಕು.

ಉತ್ತರ 3: ನೀರಿಗೆ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಪೈಪ್ ಈಗಲೇ ಎಳೆಸಿ, ಹುಲ್ಲು ಕಡಿಮೆ ಮಾಡಿ. ಬೇವು, ಹೊಂಗೆ ಒಳ್ಳೇದು. ಗುಲ್‌ಮೊಹರ್ ಬೇಡ್ರೀ, ಮಳೆಗಾಳಿಗೆ ಕೊಂಬೆ ಮುರೀತಾವ.